ಬಿದ್ದವರು, ನಕ್ಕವರು ಮತ್ತು ಸೈಕಲ್ಲು

'ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಗಾದೆ ಕಟ್ಟಿದವನು ಯಾರೋ ಗೊತ್ತಿಲ್ಲ. ಮೀಸೆ ತಿರುವಿಕೊಂಡು ಊರೆಲ್ಲ ಓಡಾಡುವ ಹಕ್ಕು ಅವನಿಗೆ ಹುಟ್ಟಿನಿಂದಲೇ ಇತ್ತು ಎಂಬುದರಲ್ಲಿ ಮಾತ್ರ ನಮಗೆ ಅನುಮಾನವಿಲ್ಲ. ಸೈಕಲ್ಲಿನಿಂದ ಬಿದ್ದವರನ್ನು ನೋಡಿ. ಬೀಳುವಾಗ ಕೈ ತಾನಾಗಿಯೇ ಮುಂದೆ ಚಾಚುತ್ತದೆ. ಅಂಗೈ ತರಚುತ್ತದೆ, ಮಂಡಿ ಸುಲಿಯುತ್ತದೆ, ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದು ಉಳುಕುತ್ತದೆ. 'ಸಣ್ಣ ಗಾಯ ಬಿಡು' ಅಂತಾರೆ. ಸಣ್ಣದು ಯಾರಿಗೆ? ಪೆನ್ನು ಹಿಡಿಯೋ ಕೈಗೆ ಅದು ಎರಡು ದಿನದ ರಜೆ. ಗಾರೆ ಕಲಸೋ ಕೈಗೆ ಅದೇ ಉಳುಕು ಅಂದರೆ ಹತ್ತು ದಿನದ ಕೂಲಿ ಹೋಯ್ತು.

ಇರಲಿ. ನಾವು ಕೇಳಬೇಕೆಂದಿರುವುದು ಇದು: ಬಿದ್ದ ಮೇಲೆ ಮತ್ತೆ ಸೈಕಲ್ ಹತ್ತುವುದು ಯಾವಾಗ, ಯಾರಿಗಾಗಿ? 'ಬಿದ್ದ ಕೂಡ್ಲೇ ಎದ್ದು ಹತ್ತು, ಇಲ್ದಿದ್ರೆ ಭಯ ಕೂತ್ಕೊಳ್ತದೆ' ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ಈ ಉಪದೇಶ ನಮಗೆ ಅರ್ಧ ಮಾತ್ರ ಒಪ್ಪಿಗೆ.

ಯಾಕೆಂದರೆ ಬಿದ್ದವರ ಮೈಯಲ್ಲಿ ಕೂರುವುದು ಎರಡು ಭಯ. ಒಂದನ್ನು ರಸ್ತೆ ಕಲಿಸುತ್ತದೆ. ತಿರುವಿನಲ್ಲಿ ಜಲ್ಲಿ ಚೆಲ್ಲಿದೆ, ಅಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದರೆ ಚಕ್ರ ಜಾರುತ್ತದೆ. ಈ ಭಯಕ್ಕೆ ಕಿವಿಗೊಡಬೇಕು. ಇನ್ನೊಂದನ್ನು ಬೀದಿ ಕಲಿಸುತ್ತದೆ. ಊರೊಳಗಿನ ಹುಡುಗ ಬಿದ್ದರೆ ಬೀದಿ 'ಪಾಪ, ನೋವಾಯ್ತಾ' ಅನ್ನುತ್ತದೆ. ಕೇರಿಯ ಹುಡುಗ ಬಿದ್ದರೆ 'ಇವ್ನಿಗ್ಯಾಕ್ ಬೇಕಿತ್ತು ಸೈಕಲ್ಲು' ಅನ್ನುತ್ತದೆ. ಅವನು ಬಿದ್ದದ್ದು ಬರೀ ಬಿದ್ದದ್ದು. ನಾವು ಬಿದ್ದದ್ದು ನಮ್ಮ ಯೋಗ್ಯತೆಗೆ ರುಜುವಾತು. ಕೇರಿಯ ಹುಡುಗಿ ಬಿದ್ದಳೋ, ಆ ಸುದ್ದಿ ಅವಳಿಗಿಂತ ಮೊದಲೇ ಅವಳ ಮನೆ ಸೇರಿರುತ್ತದೆ.

ಇದು ನಮ್ಮ ಕಲ್ಪನೆ ಅಂತ ಮೂಗು ಮುರಿಯುವವರು ಕಾನೂನಿನ ಪುಸ್ತಕ ತೆಗೆಯಲಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾದಾಗ, ಪರಿಶಿಷ್ಟರು ಸಾರ್ವಜನಿಕ ಜಾಗದಲ್ಲಿ ಸೈಕಲ್ ಹತ್ತುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆಯುವುದು ಅಪರಾಧವೆಂದು ಒಂದೊಂದಾಗಿ ಬಿಡಿಸಿ ಬರೆಯಬೇಕಾಯಿತು. 2016ರ ಜನವರಿ 26ರಿಂದ ಅದು ಜಾರಿಯಲ್ಲಿದೆ. ಬಲವಂತವಾಗಿ ಮೀಸೆ ತೆಗೆಸುವುದನ್ನೂ ಅದೇ ತಿದ್ದುಪಡಿ ಅಪರಾಧಗಳ ಸಾಲಿಗೆ ಸೇರಿಸಿದೆ. ಗಾದೆ ಕಟ್ಟಿದವನಿಗೆ ಯಾರಾದರೂ ಇದನ್ನು ಓದಿ ಹೇಳಬೇಕು.

ಅಂಬೇಡ್ಕರ್ ಕೂಡ ಬಿದ್ದಿದ್ದರು, 1929ರಲ್ಲಿ, ಚಾಳೀಸಗಾಂವದಲ್ಲಿ. ಅಸ್ಪೃಶ್ಯನನ್ನು ಕೂರಿಸಿಕೊಂಡು ಹೋಗಲು ಟಾಂಗಾದವರು ಒಪ್ಪಲಿಲ್ಲ. ಮಹಾರವಾಡದ ಜನ ಟಾಂಗಾ ಒಂದನ್ನೇ ಬಾಡಿಗೆಗೆ ತಂದು, ಎಂದೂ ಟಾಂಗಾ ಹೊಡೆದಿರದ ತಮ್ಮವನ ಕೈಗೆ ಲಗಾಮು ಕೊಟ್ಟರು. ನದಿಯ ಸೇತುವೆ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿತು. ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಅವರೇ ಇದನ್ನು ಬರೆದಿಟ್ಟಿದ್ದಾರೆ. ಅದು ಸಣ್ಣ ಗಾಯವೇನಲ್ಲ. ಆದರೆ ಇದನ್ನು ಓದಿದಾಗೆಲ್ಲ ನಮಗೆ ಲಗಾಮು ಹಿಡಿದಿದ್ದ ಆ ಮನುಷ್ಯನೇ ನೆನಪಾಗುತ್ತಾನೆ. ಖಾಲಿ ಬಯಲಲ್ಲಿ ನಾಲ್ಕು ಸಲ ತಪ್ಪಿ, ನಾಲ್ಕು ಸಲ ಬಿದ್ದು ಕಲಿಯುವ ಒಂದು ಸಂಜೆಯನ್ನು ಅವನಿಗೆ ಯಾರು ಕೊಟ್ಟಿದ್ದರು?

ಹಾಗಾದರೆ ನಕ್ಕವರಿಗೆ ಉತ್ತರ ಕೊಡೋದಕ್ಕೆ ನಾಳೆಯೇ ಹತ್ತಬೇಕೆ? 'ಮನೇಲಿ ಕೂತ್ರೆ ಅವ್ರೇ ಗೆದ್ದಂಗೆ' ಎಂಬ ವಾದ ನಮ್ಮ ಗೆಳೆಯರಲ್ಲೇ ಇದೆ. ಆ ಸಿಟ್ಟು ನಮ್ಮದೂ ಹೌದು. ಆದರೆ ಊದಿದ ಮಣಿಕಟ್ಟು ಬ್ರೇಕು ಹಿಡಿಯಲಾರದು. ನಗುವವರಿಗೆ ತೋರಿಸಲೆಂದು ಹತ್ತುವವನ ಹ್ಯಾಂಡಲ್ಲು ನಗುವವರ ಕೈಯಲ್ಲಿರುತ್ತದೆ. ಅವರಿಗೆ ಹೆದರಿ ಹತ್ತದೇ ಉಳಿದವನದೂ ಅಲ್ಲೇ ಇರುತ್ತದೆ. ಕಾಲೇಜು ಎಂಟು ಮೈಲಿ ದೂರ ಇದೆ, ಕೆಲಸ ಇದೆ, ಸಂತೆ ಇದೆ. ನಾವು ಹತ್ತುವುದು ಅದಕ್ಕೆ. ಬ್ರೇಕು ಒತ್ತಿದಾಗ ಕೈ ನೋಯದಿದ್ದ ದಿನ ಹತ್ತೋಣ. ಅಲ್ಲಿಯವರೆಗೆ ಗೆಳೆಯನ ಕ್ಯಾರಿಯರ್ ಮೇಲೆ ಕೂತು ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ. ಕೂಲಿಯವನಿಗೆ ಕಾಯೋ ಸೌಲಭ್ಯ ಎಲ್ಲಿದೆ ಅಂತ ನೀವು ಕೇಳಬಹುದು. ಇಲ್ಲ. ಅವನ ಹತ್ತು ದಿನವನ್ನು ಕೇರಿಯ ನಾಲ್ಕು ಜನ ಸೇರಿ ಹೊರದೆ ಧೈರ್ಯದ ಪಾಠ ಹೇಳುವುದು ನಾಚಿಕೆಗೇಡು.

ಇನ್ನು ಮೈಯ ಭಯದ ವಿಷಯ. ಹೆದರಿದ ತೋಳು ಸೆಟೆದುಕೊಳ್ಳುತ್ತದೆ, ಹ್ಯಾಂಡಲ್ ಆಡುವುದಿಲ್ಲ. ಆದರೆ ಸೈಕಲ್ ನೆಟ್ಟಗೆ ನಿಲ್ಲುವುದೇ ಹ್ಯಾಂಡಲ್ ಅತ್ತಿತ್ತ ಆಡುವುದರಿಂದ. ಬಲಕ್ಕೆ ವಾಲಿದರೆ ಬಲಕ್ಕೇ ತಿರುಗಿಸಬೇಕು, ಆಗ ಚಕ್ರ ಮೈಯ ಅಡಿಗೆ ಬಂದು ಎತ್ತಿ ನಿಲ್ಲಿಸುತ್ತದೆ. ಹೆದರಿ ತೀರಾ ನಿಧಾನ ತುಳಿದರೆ ತೂಗಾಟ ಇನ್ನೂ ಜಾಸ್ತಿ. ಮಾತಿನಲ್ಲಿ ಇದನ್ನು ಎಷ್ಟು ಹೇಳಿದರೂ ತೋಳಿಗೆ ಕೇಳಿಸುವುದಿಲ್ಲ. ಬಯಲು ಬೇಕು, ಬೀದಿಯ ಕಣ್ಣಿಲ್ಲದ ಬಯಲು.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೇಳಿಕೆ. ಭಾನುವಾರ ಸಂಜೆ ಶಾಲೆಯ ಗೇಟಿಗೆ ಬೀಗ ಹಾಕಬೇಡಿ. ಬಿದ್ದು ಬಂದ ಮಗುವಿನ ಗಾಯವನ್ನು ಮೊದಲು ಸೋಪು ನೀರಲ್ಲಿ ತೊಳೆಸಿ, ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯಾ ವಿಚಾರಿಸಿ. ಗಾಯ ಮಾಗಿದ ಮೇಲೆ, ಎರಡೂ ಕಾಲು ನೆಲಕ್ಕೆ ತಾಗುವಷ್ಟು ಸೀಟು ತಗ್ಗಿಸಿಕೊಂಡು ಮೈದಾನದಲ್ಲಿ ನಾಲ್ಕು ಸುತ್ತು ಹೊಡೆಯಲಿ. ಸೊಟ್ಟಗಾದ ಹ್ಯಾಂಡಲನ್ನು, ಮುಂದಿನ ಚಕ್ರ ಮಂಡಿಗಳ ನಡುವೆ ಸಿಕ್ಕಿಸಿಕೊಂಡು ನೆಟ್ಟಗೆ ಮಾಡಿಕೊಡಿ. ಬ್ರೇಕಿನ ರಬ್ಬರು ರಿಮ್ಮಿಗೆ ಸರಿಯಾಗಿ ಕಚ್ಚುತ್ತಾ ನೋಡಿ. ಗೇಟಿನ ಹತ್ತಿರ ಯಾರಾದರೂ ನಗಲು ಬಂದು ನಿಂತರೆ, ಅವರನ್ನು ಆಚೆ ಕಳಿಸುವುದೂ ನಿಮ್ಮ ಕೆಲಸವೇ.