ಮತ್ಸ್ಯವಿನೋದವೂ ಧರ್ಮವಿಚಾರವೂ

ಗದಗಿನಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಬಿಂಕದಕಟ್ಟಿಯ ಕಿರು ಮೃಗಾಲಯವನ್ನು ಆ ಸೀಮೆಯ ಮಕ್ಕಳೆಲ್ಲ ಬಲ್ಲರು. ರಜೆಯ ದಿನ ಬುತ್ತಿ ಕಟ್ಟಿಕೊಂಡು ಬರುವ ಕುಟುಂಬಗಳಲ್ಲಿ ಯಾವದಾದರೊಂದು ಕೂಸು ಕೈಯೊಳಗಿನ ರೊಟ್ಟಿಯ ಚೂರನ್ನು ಬೇಲಿಯೊಳಗೆ ಚಾಚುವದೂ, ಹಿರಿಯರು ಅದರ ಕೈ ಹಿಡಿದು ಹಿಂದಕ್ಕೆ ಜಗ್ಗುವದೂ ಇಂಥ ಸ್ಥಳಗಳಲ್ಲಿ ಹೊಸ ನೋಟವಲ್ಲ. ಹಿರಿಯರು ಹಾಗೆ ಜಗ್ಗುವದಕ್ಕೆ ಕಾಯದೆಯ ಬೆಂಬಲವೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯ 38 ಜೆ ಕಲಮಿನ ಪ್ರಕಾರ ಮೃಗಾಲಯದ ಪ್ರಾಣಿಯನ್ನು ಕೆಣಕುವದು, ಪೀಡಿಸುವದು, ಗಾಯಗೊಳಿಸುವದು, ಅದಕ್ಕೆ ತಿನ್ನಲು ಕೊಡುವದು, ಗದ್ದಲದಿಂದ ಅದನ್ನು ಕಂಗೆಡಿಸುವದು ಇವೆಲ್ಲವೂ ನಿಷಿದ್ಧವಾಗಿವೆ. ಆದರೆ ಅದೇ ಕುಟುಂಬದ ಯಜಮಾನನು ಮರುದಿನ ಯಾವದೋ ಕೆರೆಯ ದಂಡೆಗೆ ಹೋಗಿ, ಜೊಂಡಿನ ನಡುವೆ ಅಡಗಿರುವ ಮೀನಿನ ಮುಂದೆ ರಬ್ಬರಿನ ಕಪ್ಪೆಯೊಂದನ್ನು ದಾರಕ್ಕೆ ಕಟ್ಟಿ ಕುಣಿಸಿದನೆನ್ನಿ. ಅದು ಕೆಣಕುವದೂ ಹೌದು, ತಿನ್ನಲು ಕೊಟ್ಟಂತೆ ನಟಿಸುವದೂ ಹೌದು, ಕಡೆಗೆ ಗಾಯಗೊಳಿಸುವದೂ ಹೌದು. ಆದರೂ ಅದಕ್ಕೆ ವಿನೋದವೆಂಬ ಹೆಸರಿದೆ. ಬೇಲಿಯೊಳಗೊಂದು ಧರ್ಮ, ಬೇಲಿಯ ಹೊರಗೊಂದು ಧರ್ಮ ಇರಬಹುದೇ ಎಂಬ ಪ್ರಶ್ನೆ ಇಲ್ಲಿ ಏಳದೆ ಇರದು.

ಈ ವಿನೋದವನ್ನು ಪಾಶ್ಚಾತ್ಯರು ಕಲಿಸಿದರೆಂದು ತಿಳಿದವರು ಬಹು ಮಂದಿ. ಅದು ಸರಿಯಲ್ಲ. ಇಂಗ್ಲಂಡದ ಐಝಾಕ್ ವಾಲ್ಟನ್ನನು ಗಾಳಗಾರಿಕೆಯ ಮೇಲೆ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ್ದು 1653ರಲ್ಲಿ. ಅದಕ್ಕೆ ಐದು ಶತಮಾನಗಳ ಹಿಂದೆಯೇ, ಅಂದರೆ ಸುಮಾರು 1130ರ ಹೊತ್ತಿಗೆ, ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಮೀನುಗಳ ಜಾತಿಗಳು, ಅವುಗಳಲ್ಲಿ ಚಿಪ್ಪುಳ್ಳವು ಯಾವವು, ಇಲ್ಲದವು ಯಾವವು, ಯಾವ ಮೀನಿಗೆ ಯಾವ ತಿನಿಸು ಪ್ರಿಯ, ದಾರವನ್ನು ಹೇಗೆ ಹೊಸೆಯಬೇಕು, ಕೋಲು ಹೇಗಿರಬೇಕು, ಗಾಳ ಎಂಥದಿರಬೇಕು ಎಂಬದನ್ನೆಲ್ಲ ಆ ಚಕ್ರವರ್ತಿಯು ಸಾವಧಾನದಿಂದ ವಿವರಿಸಿದ್ದಾನೆ. ಗದಗು, ಲಕ್ಕುಂಡಿ, ಡಂಬಳಗಳೆಲ್ಲ ಆಗ ಅವನ ರಾಜ್ಯದ ಭಾಗವಾಗಿದ್ದವು. ವಿಚಿತ್ರವೆಂದರೆ ಅದೇ ಗ್ರಂಥದ ಮೊದಲ ವಿಂಶತಿಯು ಅರಸನು ಮೊಟ್ಟಮೊದಲು ಅಸತ್ಯವನ್ನು ವರ್ಜಿಸಬೇಕು, ಪರದ್ರೋಹವನ್ನು ವರ್ಜಿಸಬೇಕು ಎಂದು ಬೋಧಿಸುತ್ತದೆ. ನಾಲ್ಕನೆಯ ವಿಂಶತಿಯಲ್ಲಿ ಮತ್ಸ್ಯವಿನೋದವು ಬರುತ್ತದೆ. ಸುಳ್ಳು ಎರೆಯನ್ನು ತೋರಿಸಿ ಒಂದು ಜೀವವನ್ನು ಬರಮಾಡಿಕೊಳ್ಳುವದು ಅಸತ್ಯವೂ ಅಲ್ಲ, ದ್ರೋಹವೂ ಅಲ್ಲ ಎಂದು ಆ ಪಂಡಿತ ಚಕ್ರವರ್ತಿಗೆ ಹೇಗೆ ತೋರಿತೋ! ಬಹುಶಃ ಮೀನು ಆ ಲೆಕ್ಕಕ್ಕೆ ಬಂದಿರಲಿಲ್ಲ.

ಹಾಗೆಂದು ಈ ಕಲೆಯನ್ನು ಕೇವಲ ಕ್ರೌರ್ಯವೆಂದು ತಳ್ಳಿಹಾಕುವದು ನ್ಯಾಯವಲ್ಲ. ಅದರಲ್ಲಿ ಪಾಂಡಿತ್ಯವಿದೆ. ಅಮೇರಿಕದ ಸರೋವರಗಳಲ್ಲಿ ಬಾಸ್ ಎಂಬ ಮೀನಿಗೆ ಗಾಳಗಾರರು ಕೊಡುವ ಗೌರವವು ಕರ್ನಾಟಕದ ಕೆರೆಗಳಲ್ಲಿ ಕೊರವ ಮೀನಿಗೆ ಸಲ್ಲತಕ್ಕದ್ದು. ಇವೆರಡರ ಕುಲ ಬೇರೆ, ದೇಶ ಬೇರೆ. ಸ್ವಭಾವ ಮಾತ್ರ ಆಶ್ಚರ್ಯಪಡುವಷ್ಟು ಒಂದೇ. ಎರಡೂ ಜೊಂಡಿನ ಮರೆಯಲ್ಲಿ ಹೊಂಚುಹಾಕಿ ಒಮ್ಮೆಲೆ ಮೇಲೆ ಬೀಳುವ ಬೇಟೆಗಾರ ಮೀನುಗಳು. ಕೊರವಕ್ಕಂತೂ ಕಿವಿರುಗಳ ಮೇಲ್ಭಾಗದಲ್ಲಿ ಗಾಳಿಯನ್ನು ಹಿಡಿದಿಡುವ ಒಂದು ಗೂಡಿದ್ದು, ಅದು ಆಗಾಗ ಮೇಲೆದ್ದು ಉಸಿರು ಎಳೆದುಕೊಂಡೇ ಬದುಕಬೇಕು. ಬೇಸಿಗೆಯಲ್ಲಿ ಕೆರೆ ಬತ್ತಿ ಕೆಸರಾದರೂ ಅದು ಬಹುಕಾಲ ಜೀವ ಹಿಡಿದುಕೊಂಡಿರುವದು ಈ ಕಾರಣದಿಂದಲೇ. ಮಳೆಯನ್ನು ನಂಬಿದ ಗದಗು ಸೀಮೆಯಂಥ ಪ್ರದೇಶದ ಕೆರೆಗಳಿಗೆ ಇಂಥ ಮೀನೇ ತಕ್ಕದ್ದೆನ್ನಬೇಕು.

ಇದನ್ನು ಹಿಡಿಯಬಯಸುವವನು ನೀರಿನ ಮೇಲೆ ಏಳುವ ಒಂದು ಸಣ್ಣ ಗುಳ್ಳೆಯನ್ನು ಓದಬಲ್ಲವನಾಗಿರಬೇಕು. ದಂಡೆಯ ಮೇಲೆ ಅವನ ನೆರಳು ನೀರಿಗೆ ಬೀಳಬಾರದು; ಹೆಜ್ಜೆಯ ಸದ್ದು ನೆಲದಿಂದ ನೀರಿಗೆ ಹೋಗಬಾರದು. ಜೊಂಡಿನಲ್ಲಿ ಎಳೆದಾಡಿದರೂ ತುಂಡಾಗದ ಗಟ್ಟಿ ದಾರ ಬೇಕು, ಬಿರುಸಾದ ಕೋಲು ಬೇಕು. ಹಿಂದೆ ಜೀವಂತ ಕಪ್ಪೆಯನ್ನೇ ಗಾಳಕ್ಕೆ ಚುಚ್ಚುತ್ತಿದ್ದರು. ಈಗ ಟೊಳ್ಳು ರಬ್ಬರಿನ ಕಪ್ಪೆ ಬಂದಿದೆ. ಅದರ ಗಾಳದ ಮೊನೆಗಳು ಮೇಲ್ಮುಖವಾಗಿ ಬೆನ್ನಿಗಂಟಿಕೊಂಡಿರುವದರಿಂದ ಜೊಂಡಿಗೆ ಸಿಕ್ಕಿಕೊಳ್ಳುವದಿಲ್ಲ. ಮೀನು ಕಚ್ಚಿದಾಗ ರಬ್ಬರು ಅಮುಕಿ ಮೊನೆ ಹೊರಗೆ ಬರುತ್ತದೆ. ನೀರು ಚಿಮ್ಮಿದ ಕೂಡಲೆ ಕೋಲನ್ನು ಜಗ್ಗುವವನು ಬರಿಗೈಯಲ್ಲಿ ಮನೆಗೆ ಹೋಗುವನು. ಒಂದು ಕ್ಷಣ ತಾಳಿ, ದಾರವು ಬಿಗಿಯಾದ ಮೇಲೆ ಜಗ್ಗಬೇಕು. ಈ ಒಂದು ಕ್ಷಣದ ಸಂಯಮವನ್ನು ಕಲಿಯುವದಕ್ಕೆ ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಜೀವಂತ ಕಪ್ಪೆಯ ಬದಲು ರಬ್ಬರಿನ ಕಪ್ಪೆ ಬಂದುದರಿಂದ ಒಂದು ಹಿಂಸೆಯಾದರೂ ಕಡಿಮೆಯಾಯಿತೆಂಬದನ್ನು ಒಪ್ಪಲೇಬೇಕು.

ಮೀನು ಯಾಕೆ ಕಚ್ಚುತ್ತದೆ ಎಂಬ ಪ್ರಶ್ನೆಯನ್ನು ಗಾಳಗಾರನು ಉಪಾಯಕ್ಕಾಗಿ ಕೇಳುತ್ತಾನೆ. ಧರ್ಮವಿಚಾರ ಮಾಡುವವನೂ ಅದೇ ಪ್ರಶ್ನೆಯನ್ನು ಕೇಳತಕ್ಕದ್ದು. ಬಹುತರವಾಗಿ ಅದು ಹಸಿವಿನಿಂದ ಕಚ್ಚುತ್ತದೆ. ಕೆಲವು ಸಲ ಹಸಿವಿಲ್ಲದಿದ್ದರೂ, ತನ್ನ ಎಡೆಯಲ್ಲಿ ಮತ್ತೊಂದು ಸುಳಿದಾಡಿತೆಂಬ ಸಿಟ್ಟಿನಿಂದ ಕಚ್ಚುತ್ತದೆ. ಇವೆರಡೂ ಅಲ್ಲದ ಮೂರನೆಯ ಕಾರಣವೊಂದಿದೆ. ಮಳೆಗಾಲದಲ್ಲಿ ಮೊಟ್ಟೆಯೊಡೆದ ಕೊರವದ ಮರಿಗಳು ಕೆಂಪು ಛಾಯೆಯ ಒಂದು ಮೋಡದ ಹಾಗೆ ಒಟ್ಟಾಗಿ ನೀರಿನ ಮೇಲ್ಮೈಯಲ್ಲಿ ಸಂಚರಿಸುತ್ತವೆ. ಅವು ಉಸಿರಿಗಾಗಿ ಏಳುವಾಗ ಅಲ್ಲಿ ಮಾತ್ರ ಸೋನೆಮಳೆ ಬೀಳುತ್ತಿರುವಂತೆ ನೀರು ಪುಟಿಯುತ್ತದೆ. ಆ ಮೋಡದ ಕೆಳಗೆ ತಾಯಿತಂದೆಗಳು ಕಾವಲಿರುತ್ತವೆ. ಕಪ್ಪೆಯಾಗಲಿ ಹಾವಾಗಲಿ ಹತ್ತಿರ ಬಂದರೆ ತಮಗಿಂತ ದೊಡ್ಡದೆಂಬದನ್ನೂ ನೋಡದೆ ಮೇಲೆ ಬೀಳುತ್ತವೆ. ಗಾಳಗಾರರಿಗೆ ಇದು ಚೆನ್ನಾಗಿ ಗೊತ್ತು. ಪುಟಿಯುವ ನೀರಿನ ನಡುವೆ ರಬ್ಬರಿನ ಕಪ್ಪೆಯನ್ನು ಎಸೆದು ಎಳೆದರೆ ಅದು ಬಹುಮಟ್ಟಿಗೆ ವ್ಯರ್ಥವಾಗುವದಿಲ್ಲ. ಎರಡು ಸಲ ಎಸೆದರೂ ಕಚ್ಚದ ಮೀನು ಮೂರನೆಯ ಸಲ ಕಚ್ಚುವದು, ಯಾಕಂದರೆ ಅದು ಮರಿಗಳನ್ನು ಬಿಟ್ಟು ಹೋಗಲಾರದು. ಬಾಸ್ ಮೀನಿನ ಸಂಗತಿಯೂ ಇದೇ. ಅಲ್ಲಿ ಗಂಡು ಮೀನು ವಸಂತಕಾಲದಲ್ಲಿ ಆಳವಿಲ್ಲದ ನೀರಿನ ತಳವನ್ನು ಬಾಲದಿಂದ ಗುಡಿಸಿ ಗೂಡು ಮಾಡಿ, ಮೊಟ್ಟೆಮರಿಗಳನ್ನು ಒಂಟಿಯಾಗಿ ಕಾಯುತ್ತದೆ. ಅಲ್ಲಿಯ ಗಾಳಗಾರರೂ ಆ ಗೂಡಿನ ಮೇಲೆಯೇ ಎರೆಯನ್ನು ಬಿಡುವದುಂಟು.

ಈಗ ಒಬ್ಬ ಸಜ್ಜನನನ್ನು ಕಲ್ಪಿಸಿಕೊಳ್ಳಬೇಕು. ಅವನು ಮೀನು ತಿನ್ನುವವನಲ್ಲ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಅಮುಕಿ ಸಪಾಟು ಮಾಡಿರುತ್ತಾನೆ. ಹಿಡಿದ ಮೀನನ್ನು ಮುಟ್ಟುವ ಮುಂಚೆ, ಅದರ ಮೈಲೋಳೆ ಹೋಗದಂತೆ, ಕೈಗಳನ್ನು ನೀರಿನಲ್ಲಿ ತೋಯಿಸಿಕೊಳ್ಳುತ್ತಾನೆ. ತಾನು ಉಸಿರು ಬಿಗಿಹಿಡಿಯಬಲ್ಲಷ್ಟು ಹೊತ್ತಿಗಿಂತ ಹೆಚ್ಚು ಅದನ್ನು ನೀರಿನ ಹೊರಗೆ ಇಡುವದಿಲ್ಲ. ಒಂದು ಭಾವಚಿತ್ರ ತೆಗೆಸಿಕೊಂಡು ಮರಳಿ ಬಿಡುತ್ತಾನೆ. ಕೊಂದು ತಿನ್ನುವವನಿಗಿಂತ ತಾನು ಮೇಲೆಂದು ಅವನು ನಂಬಿರುವದು ಸಹಜವೇ.

ಈ ನಂಬಿಕೆಯನ್ನು ಎಲ್ಲ ದೇಶಗಳೂ ಒಪ್ಪಿಲ್ಲ. ಸ್ವಿಟ್ಜರ್ಲಂಡದಲ್ಲಿ 2009ರಿಂದ, ಮರಳಿ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವದು ನಿಷಿದ್ಧವಾಗಿದೆ. ತಿನ್ನುವವನಿಗೆ ನೋವು ಕೊಡುವದಕ್ಕೆ ಒಂದು ಕಾರಣವಾದರೂ ಇದೆ. ಬಿಡುವವನಿಗೆ ಆ ನೋವೇ ಆಟವಾಯಿತಲ್ಲ, ಎಂಬದು ಅವರ ತರ್ಕ. ಮೀನಿಗೆ ನೋವು ಆಗುತ್ತದೆಯೇ ಎಂಬ ವಾದವು ಇನ್ನೂ ಮುಗಿದಿಲ್ಲ. ನವಮಸ್ತಿಷ್ಕವಿಲ್ಲದ ಮೀನಿಗೆ ನೋವಿನ ಅರಿವು ಇರಲಾರದೆಂದು ಅಮೇರಿಕದ ಜೇಮ್ಸ್ ರೋಸ್ ಎಂಬವರು 2002ರಲ್ಲಿ ವಾದಿಸಿದರು. ಮರುವರುಷವೇ ಲಿನ್ ಸ್ನೆಡನ್ ಎಂಬ ವಿದುಷಿಯೂ ಅವರ ಸಂಗಡಿಗರೂ ಸ್ಕಾಟ್ಲಂಡದಲ್ಲಿ ಟ್ರೌಟ್ ಮೀನಿನ ತುಟಿಗೆ ದುರ್ಬಲವಾದ ಆಮ್ಲವನ್ನು ಚುಚ್ಚಿ ನೋಡಲು, ಅದು ತಾಸುಗಟ್ಟಲೆ ಆಹಾರ ಬಿಟ್ಟು, ತುಟಿಯನ್ನು ತೊಟ್ಟಿಯ ಹರಳುಗಳಿಗೆ ಉಜ್ಜಿಕೊಳ್ಳುತ್ತಿತ್ತೆಂದು ಪ್ರಕಟಿಸಿದರು. ಉಜ್ಜಿಕೊಳ್ಳುವ ಆ ತುಟಿಯನ್ನು ಒಮ್ಮೆ ಮನಸ್ಸಿನಲ್ಲಿ ಕಂಡವನಿಗೆ ರೋಸ್ ಅವರ ವಾದವು ಅಷ್ಟು ಸಮಾಧಾನ ಕೊಡಲಾರದು.

ಆದರೂ ಬಿಡುವವನ ಪಕ್ಷದಲ್ಲಿ ಕಾವೇರಿಯ ತೀರದಿಂದ ಒಂದು ಬಲವಾದ ಸಾಕ್ಷ್ಯವಿದೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಕದ ಮಹಸೀರ್ ಮೀನನ್ನು ಹಿಡಿದರು. ಅಂಥ ಮೀನುಗಳಿದ್ದ ಕಾವೇರಿಯಲ್ಲಿ ಕ್ರಮೇಣ ಸಿಡಿಮದ್ದು ಹಾಕಿ ಮೀನು ಕೊಲ್ಲುವ ಹಾವಳಿ ಹೆಚ್ಚಿತು. 1972ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತದ ವನ್ಯಜೀವಿ ಸಂಘವು ನದಿಯ ಒಂದು ಭಾಗವನ್ನು ಗುತ್ತಿಗೆ ಹಿಡಿದು, ಕಾವಲುಗಾರರನ್ನಿಟ್ಟು, ಹಿಡಿದ ಮಹಸೀರನ್ನು ಮರಳಿ ಬಿಡಬೇಕೆಂಬ ನಿಯಮದ ಮೇಲೆ ಗಾಳಗಾರರನ್ನು ಬರಮಾಡಿಕೊಂಡಿತು. ಗಾಳಗಾರರು ಕೊಟ್ಟ ಹಣದಿಂದ ಕಾವಲು ನಡೆಯಿತು, ಸಿಡಿಮದ್ದಿನವರು ದೂರವಾದರು. ಅವರು ದಿನದಿನವೂ ಬರೆದಿಟ್ಟ ಟಿಪ್ಪಣಿಗಳಿಂದಲೇ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್ ಹೆಚ್ಚುತ್ತ, ಕಾವೇರಿಯ ಸ್ವಂತದ ಡುಬ್ಬದ ಮಹಸೀರ್ ಇಳಿಯುತ್ತ ಬಂದುದು ಲೋಕಕ್ಕೆ ಗೊತ್ತಾಯಿತು. ಆ ಮೀನನ್ನು 2018ರಲ್ಲಿ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಒಂದು ಮೀನಿನ ತುಟಿಯ ಗಾಯದಿಂದ ಇಡೀ ಹೊಳೆಗೆ ರಕ್ಷೆ ದೊರೆಯುವದಾದರೆ, ಆ ಗಾಯವನ್ನು ಕಟುವಾಗಿ ಖಂಡಿಸುವದು ಸುಲಭವಲ್ಲ.

ಇಲ್ಲಿ ಜೈನ ಆಚಾರ್ಯರ ವಿವೇಚನೆ ನೆರವಿಗೆ ಬರುತ್ತದೆ. ಅತ್ತಿಮಬ್ಬೆಯು 1007ರಲ್ಲಿ ಜಿನಾಲಯ ಕಟ್ಟಿಸಿದ ಲಕ್ಕುಂಡಿಯು ಗದಗಿನ ನೆರೆಯಲ್ಲೇ ಇದೆ. ಆ ಸಂಪ್ರದಾಯದ ಮಾತು ಈ ನೆಲಕ್ಕೆ ಪರಕೀಯವಲ್ಲ. ಗೃಹಕೃತ್ಯದಲ್ಲಿ ಆಗುವ ಹಿಂಸೆ, ವೃತ್ತಿಯಲ್ಲಿ ಆಗುವ ಹಿಂಸೆ, ಆತ್ಮರಕ್ಷಣೆಯಲ್ಲಿ ಆಗುವ ಹಿಂಸೆ, ಸಂಕಲ್ಪಪೂರ್ವಕವಾದ ಹಿಂಸೆ ಎಂದು ಅವರು ವಿಭಾಗಿಸಿ, ಕಡೆಯದನ್ನು ಗೃಹಸ್ಥನಿಗೂ ವರ್ಜ್ಯವೆಂದರು. ಮೀನುಗಾರನ ವೃತ್ತಿಯನ್ನು ಅವರು ತಮ್ಮವರಿಗೆ ಎಂದೂ ಒಪ್ಪಿದವರಲ್ಲವೆಂಬದೇನೋ ನಿಜ. ಆದರೆ ಅವರ ಅಳತೆಗೋಲನ್ನು ಮಾತ್ರ ತೆಗೆದುಕೊಂಡರೆ, ಮುಂಡರಗಿಯ ಕಡೆ ತುಂಗಭದ್ರೆಯಲ್ಲಿ ಬಲೆ ಬೀಸಿ ಮಕ್ಕಳ ಹೊಟ್ಟೆ ಹೊರೆಯುವ ಅಂಬಿಗನ ಮನಸ್ಸು ಅಕ್ಕಿಯ ಕಡೆಗಿದೆ; ರಬ್ಬರಿನ ಕಪ್ಪೆ ಎಸೆಯುವವನ ಮನಸ್ಸು ಮೀನಿನ ಒದ್ದಾಟದ ಕಡೆಗಿದೆ. ಅದಲ್ಲದೆ ವೃತ್ತಿಯವನು ಕಾಲಕ್ಕೆ ತಲೆಬಾಗುತ್ತಾನೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ ಜುಲೈಗಳ 61 ದಿನ ಯಂತ್ರದೋಣಿಗಳು ದಡದಲ್ಲಿ ನಿಲ್ಲುತ್ತವೆ. ಹೊಟ್ಟೆಪಾಡಿನವನು ಎರಡು ತಿಂಗಳು ಕೈಕಟ್ಟಿ ಕೂಡ್ರುವಲ್ಲಿ ಹವ್ಯಾಸದವನಿಗೆ ಕೆಲವು ವಾರ ಕೂಡ್ರಲಾಗದೆಂದರೆ ಯಾರು ನಂಬಬೇಕು?

ಹಸಿದ ಮೀನನ್ನು ಎರೆಯಿಂದ ವಂಚಿಸಿದವನು, ಅದನ್ನು ತಿಂದರೂ ಬಿಟ್ಟರೂ, ತನ್ನ ಲೆಕ್ಕವನ್ನು ಆ ಮೀನಿನೊಡನೆಯೇ ಇಟ್ಟುಕೊಂಡಿದ್ದಾನೆ. ಆ ಲೆಕ್ಕವು ಎಷ್ಟು ಕೆಟ್ಟದ್ದಾದರೂ ಇಬ್ಬರ ನಡುವಿನದು. ಬಿಡುವದರಿಂದ ಅದು ಸ್ವಲ್ಪ ಹಗುರವಾದೀತು. ಮರಿ ಕಾಯುವ ಮೀನಿನ ಸಂಗತಿ ಹಾಗಲ್ಲ. ಬಾಸ್ ಮೀನನ್ನು ಗೂಡಿನಿಂದ ಎತ್ತಿ ಕೆಲವೇ ನಿಮಿಷಗಳಲ್ಲಿ ಮರಳಿ ಬಿಟ್ಟರೂ, ಅಷ್ಟರೊಳಗೆ ಸುತ್ತಲಿನ ಸಣ್ಣ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆಗಳನ್ನು ಮುಗಿಸುವದನ್ನೂ, ದಣಿದ ತಂದೆ ಮೀನು ಎಷ್ಟೋ ಸಲ ಗೂಡನ್ನೇ ತೊರೆದುಬಿಡುವದನ್ನೂ ಅಮೇರಿಕ ಕೆನಡಾಗಳ ಶೋಧಕರು ಕಂಡಿದ್ದಾರೆ. ಒಂಟಾರಿಯೋ ಪ್ರಾಂತದಲ್ಲಿ ವಸಂತಕಾಲದ ಬಾಸ್ ಬೇಟೆಗೆ ಬಹುಕಾಲದಿಂದ ತಡೆಯಿರುವದು ಈ ವಿಚಾರದಿಂದಲೇ. ಮೇಲೆ ಹೇಳಿದ ಸಜ್ಜನನು ತೋಯಿಸಿದ ಕೈಗಳಿಂದ ಮೀನನ್ನು ಮೆಲ್ಲಗೆ ನೀರಿಗಿಳಿಸುವಾಗ ಅವನ ಕಣ್ಣು ಆ ಒಂದು ಮೀನಿನ ಮೇಲಿದೆ. ಅವನ ಭಾವಚಿತ್ರದಲ್ಲಿ ಮರಿಗಳು ಬಂದಿಲ್ಲ. ತಿನ್ನುವವನ ಮುಂದೆ ಅವನಿಗಿದ್ದ ಹಿರಿಮೆ ಇಲ್ಲಿ ಯಾವ ಕೆಲಸಕ್ಕೂ ಬರುವದಿಲ್ಲ. ಹೊತ್ತುಗೊತ್ತು ನೋಡಿ ಬಲೆ ಬೀಸುವ ಅಂಬಿಗನೇ ಅವನಿಗಿಂತ ಮೇಲಾದಾನು.

ಹಸಿವನ್ನು ವಂಚಿಸುವದಕ್ಕೂ ವಾತ್ಸಲ್ಯವನ್ನು ವಂಚಿಸುವದಕ್ಕೂ ಇರುವ ಈ ಭೇದವನ್ನು ಕೆಲವರು ಕವಿಕಲ್ಪನೆಯೆನ್ನಬಹುದು. ಮೀನಿಗೆ ವಾತ್ಸಲ್ಯವೆಲ್ಲಿಯದು, ಅದು ಕೇವಲ ಹುಟ್ಟುಗುಣವೆಂದು ಆಕ್ಷೇಪಿಸಬಹುದು. ಆಗಲಿ. ಹುಟ್ಟುಗುಣವೆಂದ ಮಾತ್ರಕ್ಕೆ ಮರಿಗಳಿಗೆ ಕಾವಲು ತಪ್ಪಿದ ನಷ್ಟವು ಕಡಿಮೆಯಾಗುವದಿಲ್ಲ. ತೊಟ್ಟಿಲ ಕೂಸಿನ ಅಳು ಕೇಳಿ ತಾಯಿ ಎದ್ದೋಡುವದೂ ಬಹುಮಟ್ಟಿಗೆ ಹುಟ್ಟುಗುಣವೇ. ಆ ಅಳುವನ್ನು ಅನುಕರಿಸಿ ಅವಳನ್ನು ಮನೆಯ ಹೊರಗೆ ಕರೆದು ಕದ್ದವನಿಗೂ, ಸಂತೆಯಲ್ಲಿ ಅವಳ ಗಂಟನ್ನು ಕದ್ದವನಿಗೂ ಒಂದೇ ಶಿಕ್ಷೆ ಸಾಕೆಂದು ಯಾವ ಮನೆಯವರೂ ಹೇಳಲಾರರು.

ಗದಗಿನಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ ಡಂಬಳದ ಹಿರಿಯ ಕೆರೆಯಿದೆ. ಇಂಥ ಕೆರೆಯ ದಂಡೆಯ ಮೇಲೆ ಶ್ರಾವಣದ ಒಂದು ಮುಂಜಾನೆ ಕೋಲು ಹಿಡಿದು ನಿಂತವನಿಗೆ, ಗಾಳಿಯಿಲ್ಲದ ನೀರಿನಲ್ಲಿ ಒಂದು ಕಡೆ ಮಾತ್ರ ಸೋನೆ ಬೀಳುತ್ತಿರುವದು ಕಂಡಿತೆನ್ನಿ. ಅದು ಏನೆಂದು ಅವನು ಬಲ್ಲನು. ಬಲ್ಲವನೆಂಬುದೇ ಅವನ ಹೆಮ್ಮೆ. ಮರಿಗಳು ಆ ಕೆಂಪು ಬಣ್ಣವನ್ನು ಕಳೆದುಕೊಂಡು ಚದುರಿಹೋಗುವದಕ್ಕೆ ಕೆಲವು ವಾರಗಳು ಬೇಕು. ಆ ಮೇಲೆ ಕಾವಲಿನ ಮೀನಿಗೆ ಮರಳಿ ಹಸಿವಾಗುತ್ತದೆ. ಜೊಂಡಿನ ಅಂಚಿನಲ್ಲಿ ಅದು ಹೊಂಚುಹಾಕುತ್ತದೆ. ರಬ್ಬರಿನ ಕಪ್ಪೆಯನ್ನು ಆಗಲೂ ಕಚ್ಚುತ್ತದೆ.