ಯಾವ ಲೆಕ್ಕಕ್ಕೆ ಬರೆಯಲಿ?

ತೆರಕಣಾಂಬಿಯ ತರಕಾರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಕೇರಳದ ಲಾರಿಗಳು ಬಾರದೆ, ಟೊಮೇಟೊ ದರ ಕೊಯ್ಲಿನ ಕೂಲಿಗೂ ಸಾಲದಷ್ಟು ಬಿದ್ದಾಗ ನಮ್ಮ ಕಡೆ ಧರ್ಮಬುದ್ಧಿ ಜಾಸ್ತಿಯಾಗುತ್ತದೆ. "ಅನಾಥಾಲಯದ ಮಕ್ಕಳಿಗೆ ಕಳಿಸಿಬಿಡಪ್ಪ" ಎನ್ನುತ್ತಾರೆ ಸಾಹುಕಾರರು. ನಾನು ಧರ್ಮದ ಲೆಕ್ಕಕ್ಕೆ ಬರೆದು ಆಟೋಗೆ ಹೇರಿಸುತ್ತೇನೆ. ದರ ಏರಿದ ವಾರ ಆ ಪುಟ ಖಾಲಿ. ಅನಾಥಾಲಯದಲ್ಲಿ ಅಡುಗೆ ಮಾಡುವ ಅಕ್ಕ ಒಂದು ದಿನ ಕ್ರೇಟು ಇಳಿಸಿಕೊಳ್ಳುತ್ತಲೇ ಅಂದರು: "ಟೊಮೊಟ ಸಾಕು ಕನಣ್ಣ. ಆಲ್ಗ ಯಾರಾರ ಕಾಸು ಕೊಡವ್ರಿದ್ರ ಯೋಳಿ."

ಕಠೋಪನಿಷತ್ತಿನ ನಚಿಕೇತನ ಅಪ್ಪನೂ ದೊಡ್ಡ ದಾನಿಯೇ. ಇದ್ದದ್ದನ್ನೆಲ್ಲ ಕೊಟ್ಟುಬಿಡುವ ಯಾಗ ಹಿಡಿದಿದ್ದ. ಆದರೆ ದಾನಕ್ಕೆ ಹೊಡೆದು ತಂದದ್ದು ಕೆಚ್ಚಲು ಬತ್ತಿದ, ಇನ್ನು ಕರು ಹಾಕಲಾರದ ಮುದಿ ಹಸುಗಳನ್ನು. ಅದು ಕಣ್ಣಿಗೆ ಚುಚ್ಚಿದ್ದು ಅಲ್ಲಿದ್ದ ಹುಡುಗನಿಗೆ. ನನ್ನನ್ನು ಯಾರಿಗೆ ಕೊಡುತ್ತೀ ಎಂದು ಅಪ್ಪನನ್ನು ಮತ್ತೆ ಮತ್ತೆ ಕೇಳಿದ. ಅಪ್ಪ ಸಿಟ್ಟಿನಲ್ಲಿ "ಯಮನಿಗೆ" ಅಂದುಬಿಟ್ಟ. ಪ್ರವಚನಕಾರರು ಇಲ್ಲಿಂದ ನೇರ ಆತ್ಮತತ್ವಕ್ಕೆ ಹಾರುತ್ತಾರೆ. ನನಗೆ ನಡುವಿನ ಸಂಗತಿಯೇ ಮುಖ್ಯ. ಹುಡುಗ ಹೋದಾಗ ಯಮ ಮನೆಯಲ್ಲಿರಲಿಲ್ಲ. ಮೂರು ರಾತ್ರಿ ಅನ್ನವಿಲ್ಲದೆ ಕಾದ. ಬಂದ ಯಮ ಆ ಹುಡುಗನಿಗೆ ನಮಸ್ಕರಿಸಿ, ರಾತ್ರಿಗೊಂದರಂತೆ ಮೂರು ವರ ಕೊಟ್ಟ. ಅದನ್ನು ಯಮನ ಔದಾರ್ಯ ಎನ್ನಲು ನನಗೆ ಮನಸ್ಸಿಲ್ಲ. ಬಾಗಿಲಲ್ಲಿ ಮಗುವೊಂದು ಹಸಿದಿದ್ದಕ್ಕೆ ಅವನು ತೀರಿಸಿದ ಬಾಕಿ ಅದು.

ತಾಯಿತಂದೆ ಇಲ್ಲದ ಮಗುವಿಗೆ ಕೊಡುವುದನ್ನು ಧರ್ಮದ ಪುಟದಲ್ಲಲ್ಲ, ಸಾಲದ ಪುಟದಲ್ಲಿ ಬರೆಯಬೇಕು ಎಂಬುದು ನನ್ನ ವಾದ. ಸಾಲವನ್ನು ನಮಗೆ ಮಿಕ್ಕಾಗ ತೀರಿಸುತ್ತೇವೆ ಅಂದರೆ ಯಾರು ಒಪ್ಪುತ್ತಾರೆ? ಕಂತು ಕಟ್ಟಿ ಬಂದವನು ಸಾಲ ಕೊಟ್ಟವನ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಳ್ಳುತ್ತಾನೆಯೇ?

"ಪುಣ್ಯದ ಆಸೆಗಾದರೂ ಕೊಡಲಿ ಬಿಡಯ್ಯ, ಮಕ್ಕಳ ಹೊಟ್ಟೆಗೆ ಅದೆಲ್ಲ ಗೊತ್ತಾಗುತ್ತದಾ?" ಎಂದು ಸಾಹುಕಾರರು ನನ್ನನ್ನು ಕೇಳಿದ್ದುಂಟು. ಮಾತಿನಲ್ಲಿ ತೂಕವಿದೆ. ಕೊಟ್ಟವನ ಮನಸ್ಸು ಎಂಥದೇ ಇರಲಿ, ಹೋಳಿಗೆ ಸಿಹಿಯೇ. ಆದರೆ ಪುಣ್ಯದ ಆಸೆ ಬರುವುದು ಹುಟ್ಟಿದ ದಿನ, ತಿಥಿ, ಹಬ್ಬದ ದಿನ. ಒಂದೇ ಭಾನುವಾರ ಎರಡು ಮನೆಯ ಕೇಸರಿಬಾತು ಬರುತ್ತದೆ, ಮಂಗಳವಾರ ಬರೀ ಅನ್ನ ಸಾರು. ಮೇಲಾಗಿ ಮಕ್ಕಳು ಸಾಲಾಗಿ ನಿಂತು, ಕೈಮುಗಿದು, ಗೊತ್ತಿಲ್ಲದ ಮಗುವಿನ ಹುಟ್ಟುಹಬ್ಬಕ್ಕೆ ಹಾಡು ಹೇಳಿದ ಮೇಲೆಯೇ ಎಲೆಗೆ ಬೀಳುವುದು. ಇದು ಅವರ ಹೊಟ್ಟೆಗಲ್ಲದಿದ್ದರೂ ಅವರಿಗೆ ಗೊತ್ತಾಗುತ್ತದೆ.

ಬಸವಣ್ಣನವರ ಕಾಲದ ಶರಣರು ದಾಸೋಹವನ್ನು ಕಾಯಕಕ್ಕೆ ಕಟ್ಟಿದರು, ಮಿಕ್ಕದ್ದಕ್ಕೆ ಕಟ್ಟಲಿಲ್ಲ. ನೀಡುವವನೇ ಅಲ್ಲಿ ದಾಸ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಎರಡನ್ನೂ ಕೊಟ್ಟದ್ದು ಹಬ್ಬಕ್ಕೊಮ್ಮೆಯಲ್ಲ, ದಿನಾ. ದೂರ ಯಾಕೆ, ನಮ್ಮ ಚಾಮರಾಜನಗರದಲ್ಲೇ ಜಿ.ಎಸ್. ಜಯದೇವ ಅವರು (ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮಗ) 1992ರಲ್ಲಿ ದೀನಬಂಧು ಕಟ್ಟಿದರು. ಮಕ್ಕಳಿಗೆ ಮನೆಯೂ ಆಯಿತು, ಶಾಲೆಯೂ ಆಯಿತು. ಮೂರು ದಶಕ ದಾಟಿದ ಮನೆಯೊಂದು ಒಂದು ದಿನದ ಪಾಯಸದ ಮೇಲೆ ನಿಲ್ಲುವುದಿಲ್ಲ.

ಇಂಥ ಮನೆ ನಿಲ್ಲುವುದು ಕಣ್ಣಿಗೆ ಕಾಣದ ಖರ್ಚಿನ ಮೇಲೆ: ವಾರ್ಡನ್ನಿನ ಸಂಬಳ, ಬೋರ್‌ವೆಲ್ ಮೋಟಾರಿನ ರಿಪೇರಿ, ಸೋಪು, ದೊಡ್ಡ ಹುಡುಗಿಯರ ಪ್ಯಾಡು, ಕಜ್ಜಿಗೆ ಮುಲಾಮು. ಬಾಲನ್ಯಾಯದ ಮಾದರಿ ನಿಯಮಗಳ ಪ್ರಕಾರ ಮಲಗುವ ಕೋಣೆಯಲ್ಲಿ ಮಗುವಿಗೆ 40 ಚದರ ಅಡಿ ಜಾಗ ಇರಬೇಕು. ಆ ಜಾಗ ಕಟ್ಟಿಸಲು ಹಣ ಕೇಳಿ ನೋಡಿ, ಎಷ್ಟು ಜನ ಕೈಯೆತ್ತುತ್ತಾರೆ? ಸ್ಟೀಲ್ ಪಾತ್ರೆಗೆ ಹೆಸರು ಕೊರೆಸಿ ಕೊಡುವ ನಾವು ಪಾಯಿಖಾನೆಯ ಬಾಗಿಲಿಗೆ ಹೆಸರು ಕೊರೆಸುವುದಿಲ್ಲ. ಹಾಗಾಗಿ ಪಾತ್ರೆ ಅಟ್ಟದ ತುಂಬ ಇವೆ, ಬಾಗಿಲಿಗೆ ಚಿಲಕವಿಲ್ಲ.

ಗುಂಡ್ಲುಪೇಟೆ, ಚಾಮರಾಜನಗರದ ವರ್ತಕ ಬಂಧುಗಳಲ್ಲಿ ವಿನಂತಿ. ಕೊಡುವ ಮೊದಲು ಆ ಸಂಸ್ಥೆಗೆ 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಇದೆಯೇ ನೋಡಿ. ಏನು ಬೇಕೆಂದು ಫೋನ್ ಮಾಡಿ ಕೇಳಿ. ಮಕ್ಕಳ ಫೋಟೊ ತೆಗೆದು ವಾಟ್ಸಾಪಿಗೆ ಹಾಕಬೇಡಿ. ತಿಂಗಳಿಗೆ ಇಂತಿಷ್ಟು ಎಂದು ಗೊತ್ತುಮಾಡಿ, ಅಂಗಡಿ ಬಾಡಿಗೆ ಕಟ್ಟುವ ದಿನವೇ ಅದನ್ನೂ ಕಟ್ಟಿ, ರಸೀದಿ ಪಡೆಯಿರಿ.