ಉತ್ಸವಕ್ಕೆ ಎಷ್ಟು ಶಕ್ತಿ ಬೇಕು?

ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಸಾಗುವ ಡಿಜೆ ಸೆಟ್ಟಿಗೆ ಎಷ್ಟು ದೊಡ್ಡ ಜನರೇಟರ್ ಬೇಕು ಎಂಬುದು ಮೇಲ್ನೋಟಕ್ಕೆ ವಿದ್ಯುತ್ತಿನ ಲೆಕ್ಕ. ಲೋಡನ್ನು ಕೂಡಿಸಿ, ಒಂದಿಷ್ಟು ಹೆಚ್ಚಿಗೆ ಹಿಡಿದು, ಬಾಡಿಗೆಗೆ ಸಿಗುವ ಅಳತೆಗಳಲ್ಲಿ ಹೊಂದುವುದನ್ನು ಆರಿಸಿದರೆ ಮುಗಿಯಿತು. ಆದರೆ ಆ ಲೋಡು ಅಷ್ಟೇ ಇರಬೇಕೆಂದು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸಿದರು ಎಂದು ಕೇಳಿದ ಕೂಡಲೇ ಲೆಕ್ಕ ಧರ್ಮದ ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತದೆ. ಆರಾಧನೆಗೆ ಎಷ್ಟು ಸದ್ದು ಬೇಕು? ಯಾರಿಗಾಗಿ ಬೇಕು? ಮೊದಲನೆಯದನ್ನು ಎಲೆಕ್ಟ್ರಿಷಿಯನ್ನಿಗೂ ಎರಡನೆಯದನ್ನು ಪುರೋಹಿತರಿಗೂ ಬಿಟ್ಟುಬಿಡುವುದು ರೂಢಿ. ಲೆಕ್ಕವನ್ನು ಕೊನೆಯವರೆಗೂ ಮಾಡಿದರೆ ಈ ಎರಡು ಪ್ರಶ್ನೆಗಳೂ ಒಂದೇ ಎಂಬುದು ಕಾಣುತ್ತದೆ.

ಒಂದು ಸಾಧಾರಣ ಸೆಟ್ಟನ್ನು ತೆಗೆದುಕೊಳ್ಳಬಹುದು. ಅದರ ಆಂಪ್ಲಿಫೈಯರುಗಳ ಒಟ್ಟು ಸಾಮರ್ಥ್ಯ 8000 ವ್ಯಾಟ್. ಇದು ಉತ್ತುಂಗದಲ್ಲಿ ಕೊಡಬಲ್ಲ ಶಕ್ತಿಯೇ ಹೊರತು ಸದಾ ಎಳೆಯುವ ಶಕ್ತಿಯಲ್ಲ. ಸಂಗೀತದಲ್ಲಿ ಪೆಟ್ಟು ಬೀಳುವ ಕ್ಷಣಕ್ಕೂ ಪೆಟ್ಟುಗಳ ನಡುವಿನ ತೆರಪಿಗೂ ಬಹಳ ಅಂತರವಿರುವುದರಿಂದ, ಮಾಮೂಲಿ ಹಾಡಿಗೆ ಸರಾಸರಿ ಬಳಕೆ ಸಾಮರ್ಥ್ಯದ ಎಂಟನೇ ಒಂದು ಭಾಗ ಎಂದು ಲೆಕ್ಕ ಹಿಡಿಯುತ್ತಾರೆ. ಬಿಡುವಿಲ್ಲದೆ ಬಡಿಯುವ ಡಿಜೆ ಹಾಡಿಗೆ ಮೂರನೇ ಒಂದು ಭಾಗವೆಂದು ಹಿಡಿದರೂ ಸುಮಾರು 2700 ವ್ಯಾಟ್. ಇಂದಿನ ಕ್ಲಾಸ್ ಡಿ ಆಂಪ್ಲಿಫೈಯರಿನ ದಕ್ಷತೆ ಶೇ. 80 ಎಂದಿಟ್ಟುಕೊಂಡರೆ ಅದು ಎಳೆಯುವುದು 3300 ವ್ಯಾಟ್. 100 ವ್ಯಾಟಿನ 20 ಎಲ್‌ಇಡಿ ದೀಪಗಳಿಗೆ 2000, ಹೊಗೆ ಯಂತ್ರದ ಹೀಟರಿಗೆ 1500, ಮಿಕ್ಸರ್ ಮತ್ತು ಲ್ಯಾಪ್‌ಟಾಪಿಗೆ 300 ಸೇರಿಸಿದರೆ ಒಟ್ಟು 7.1 ಕಿಲೋವ್ಯಾಟ್. ಜನರೇಟರನ್ನು ಅಳೆಯುವುದು ಕೆವಿಎ ಲೆಕ್ಕದಲ್ಲಿ. ಪವರ್ ಫ್ಯಾಕ್ಟರ್ 0.8 ಎಂದು ಹಿಡಿದು ಭಾಗಿಸಿದರೆ 9 ಕೆವಿಎ ಆಗುತ್ತದೆ. ಕಾಲು ಭಾಗ ಹೆಚ್ಚಿಗೆ ಇಟ್ಟುಕೊಂಡರೆ 11 ದಾಟುತ್ತದೆ. ಆದ್ದರಿಂದ 15 ಕೆವಿಎ ಯಂತ್ರ ಸರಿಯಾದ ಆಯ್ಕೆ. ಅದು ತನ್ನ ಶಕ್ತಿಯ ಶೇ. 60ರಷ್ಟರಲ್ಲಿ ನಿರಾಳವಾಗಿ ಓಡುತ್ತದೆ. ದೀಪ ಒಂದು ಫೇಸಿನಲ್ಲಿ, ಸೌಂಡು ಇನ್ನೊಂದರಲ್ಲಿ ಇದ್ದರೆ ಬಾಕ್ಸಿನಲ್ಲಿ ಗುಂಯ್‌ಗುಟ್ಟುವ ಸದ್ದು ಕಡಿಮೆ. ಅರ್ಥಿಂಗ್ ಮತ್ತು ನ್ಯೂಟ್ರಲ್ ಬಿಗಿಯಾಗಿರುವುದು ಇವೆಲ್ಲಕ್ಕಿಂತ ಮುಖ್ಯ. ಮೂರು ಫೇಸಿನ ಯಂತ್ರದಲ್ಲಿ ನ್ಯೂಟ್ರಲ್ ಕಳಚಿದರೆ 230 ವೋಲ್ಟಿನ ಉಪಕರಣಕ್ಕೆ 400ರ ಸಮೀಪದವರೆಗೆ ನುಗ್ಗಬಹುದು.

ಯಂತ್ರ ಚಿಕ್ಕದಾದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಪ್ರತಿ ಪೆಟ್ಟಿಗೂ ವೋಲ್ಟೇಜು ಕುಸಿದು ದೀಪ ಮಿಣುಕುತ್ತದೆ, ಆಂಪ್ಲಿಫೈಯರ್ ಕೈಕೊಡುತ್ತದೆ, ಕೊನೆಗೆ ಬ್ರೇಕರ್ ಬೀಳುತ್ತದೆ. ದೊಡ್ಡದಾದರೆ ಏನು ಕೆಡುಕು ಎಂಬುದು ಅಷ್ಟಾಗಿ ಗೊತ್ತಿಲ್ಲ. ಇದೇ ಲೋಡಿಗೆ 62.5 ಕೆವಿಎ ಯಂತ್ರ ತಂದರೆ ಅದು ಶೇ. 14ರಲ್ಲಿ ಓಡಬೇಕಾಗುತ್ತದೆ. ಡೀಸೆಲ್ ಎಂಜಿನ್ ಶೇ. 30ಕ್ಕಿಂತ ಕಡಿಮೆ ಲೋಡಿನಲ್ಲಿ ಹೊತ್ತುಗಟ್ಟಲೆ ಓಡಿದರೆ ಸಿಲಿಂಡರು ಸಾಕಷ್ಟು ಬಿಸಿಯಾಗುವುದಿಲ್ಲ. ಇಂಧನ ಪೂರ್ತಿ ಉರಿಯದೆ ಮಸಿ ಮತ್ತು ಜಿಡ್ಡಾಗಿ ಹೊಗೆಕೊಳವೆಗೆ ಮೆತ್ತಿಕೊಳ್ಳುತ್ತದೆ. ಡೀಸೆಲ್ ದಂಡವಾಗುತ್ತದೆ, ಎಂಜಿನ್ ಹಾಳಾಗುತ್ತದೆ. ಹೆಚ್ಚಿದ್ದರೆ ನಷ್ಟವೇನು ಎಂಬ ಮಾತು ಯಂತ್ರದ ಮಟ್ಟದಲ್ಲೇ ಸುಳ್ಳು.

ಎರಡೂ ಅತಿಗಳಲ್ಲಿ ಕೆಡುಕಿದೆ ಎಂಬ ಈ ಅರಿವು ಧರ್ಮಚಿಂತನೆಗೆ ಹಳೆಯದು. ಪಾಲಿ ವಿನಯಪಿಟಕದ ಮಹಾವಗ್ಗದಲ್ಲಿ ಸೋಣ ಎಂಬ ಭಿಕ್ಷುವಿನ ಪ್ರಸಂಗ ಬರುತ್ತದೆ. ಅತಿಯಾದ ಹುರುಪಿನಲ್ಲಿ ನಡೆದು ನಡೆದು ಅವನ ಪಾದಗಳು ಒಡೆದು ರಕ್ತ ಸುರಿಯುತ್ತದೆ. ಬುದ್ಧ ಅವನಿಗೆ ನೆನಪಿಸುವುದು ಅವನೇ ಮನೆಯಲ್ಲಿದ್ದಾಗ ನುಡಿಸುತ್ತಿದ್ದ ವೀಣೆಯನ್ನು: ತಂತಿ ಅತಿ ಬಿಗಿಯಾದರೂ ಅತಿ ಸಡಿಲವಾದರೂ ನಾದ ಹುಟ್ಟುವುದಿಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯವೂ ಅತಿಯಾಗಿ ಉಣ್ಣುವವನಿಗೂ ಉಣ್ಣದೇ ಇರುವವನಿಗೂ ಯೋಗ ದಕ್ಕುವುದಿಲ್ಲವೆಂದು ಹೇಳುತ್ತದೆ. ಇಲ್ಲಿ ಮಿತವೆಂದರೆ ಕಡಿಮೆ ಮಾಡುವುದು ಎಂದಲ್ಲ, ಉದ್ದೇಶಕ್ಕೆ ಹೊಂದುವುದು ಎಂದರ್ಥ. ಸೋಣನಿಗೆ ತಂತಿಯನ್ನು ಬಿಚ್ಚಿಡಲು ಹೇಳಲಿಲ್ಲ, ಶ್ರುತಿಗೆ ತರಲು ಹೇಳಿತು ಆ ಉಪದೇಶ.

ಸದ್ದಿನ ವಿಷಯದಲ್ಲಿ ಅತಿಯಾಸೆ ಎಷ್ಟು ವ್ಯರ್ಥ ಎಂಬುದಕ್ಕೆ ಭೌತಶಾಸ್ತ್ರವೇ ಸಾಕ್ಷಿ. ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿ ಮಾಡಿದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಆ ವ್ಯತ್ಯಾಸ ಅಲ್ಪವೆನಿಸುತ್ತದೆ. ಸದ್ದು ಎರಡರಷ್ಟಾಯಿತು ಎಂದು ಅನ್ನಿಸಲು ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಶಕ್ತಿ ಹತ್ತು ಪಟ್ಟಾಗಬೇಕು. ಪಕ್ಕದ ಬೀದಿಯ ಮಂಡಳಿಗಿಂತ ಒಂದು ಕೈ ಮೇಲಾಗಬೇಕೆಂದು ಹೊರಟ ಮಂಡಳಿ ಪ್ರತಿವರ್ಷ ಯಂತ್ರವನ್ನೂ ಬಾಡಿಗೆಯನ್ನೂ ಡೀಸೆಲನ್ನೂ ಇಮ್ಮಡಿಸುತ್ತ ಹೋದರೂ ಕೇಳುವವರ ಅನುಭವ ಅಷ್ಟರಮಟ್ಟಿಗೆ ಹೆಚ್ಚುವುದಿಲ್ಲ. ಹೆಚ್ಚುವುದು ಹಾನಿ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದೆಂದು ಹಿಡಿದು, ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿಯನ್ನು ಅರ್ಧಕ್ಕಿಳಿಸುವುದು ಕಿವಿಯ ಸುರಕ್ಷತೆಯ ಲೆಕ್ಕ. ಆ ಪ್ರಕಾರ 100 ಡೆಸಿಬೆಲಿಗೆ ಕಾಲು ಗಂಟೆ, 109ಕ್ಕೆ ಎರಡು ನಿಮಿಷವೂ ಇಲ್ಲ. ಬಾಕ್ಸಿನ ಮುಂದೆಯೇ ಗಂಟೆಗಟ್ಟಲೆ ಕುಣಿಯುವ ಹುಡುಗರ ಕಿವಿಗೆ ಆಗುವ ಪೆಟ್ಟು ಮುಂದೆ ವಾಸಿಯಾಗುವಂಥದ್ದಲ್ಲ.

ಈ ಲೆಕ್ಕವನ್ನು ತಿರುಗುಮುರುಗಾಗಿಯೂ ಮಾಡಬಹುದು, ಮತ್ತು ಹಾಗೆ ಮಾಡುವುದೇ ಸರಿಯಾದ ಕ್ರಮ. ಸುಪ್ರೀಂ ಕೋರ್ಟ್ 2005ರ ಜುಲೈಯಲ್ಲಿ ಕೊಟ್ಟ ತೀರ್ಪಿನಂತೆ, ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಅಂಚಿನಲ್ಲಿ ಸದ್ದು ಆ ಪ್ರದೇಶದ ನಿಗದಿತ ಮಟ್ಟಕ್ಕಿಂತ 10 ಡೆಸಿಬೆಲಿಗಿಂತ ಹೆಚ್ಚು ಇರಬಾರದು ಅಥವಾ 75 ದಾಟಬಾರದು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಹಗಲು 65 ನಿಗದಿಯಾಗಿರುವ ಅಂಗಡಿ ಪ್ರದೇಶಕ್ಕೆ ಇದು 75, ಹಗಲು 55 ಇರುವ ವಸತಿ ಪ್ರದೇಶಕ್ಕೆ 65. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಿಂದ ನೂರು ಮೀಟರಿಗೆ ಬರುವಾಗ 40 ಡೆಸಿಬೆಲ್ ಇಳಿದಿರುತ್ತದೆ. 8000 ವ್ಯಾಟಿನ ಸೆಟ್ಟು ಒಂದು ಮೀಟರಿನಲ್ಲಿ 130 ಡೆಸಿಬೆಲ್ ಕೊಡುತ್ತದೆಂದು ಇಟ್ಟುಕೊಂಡರೆ, ನೂರು ಮೀಟರಿನಾಚೆಯ ಮೈದಾನದ ಅಂಚಿನಲ್ಲಿ ಅದು 90. ಅದನ್ನು 75ಕ್ಕೆ ಇಳಿಸಲು ಶಕ್ತಿಯನ್ನು ಸುಮಾರು ಮೂವತ್ತೆರಡನೇ ಒಂದು ಭಾಗಕ್ಕೆ ತರಬೇಕು. ಉಳಿಯುವುದು 250 ವ್ಯಾಟ್. ಗೋಡೆ, ಗಾಳಿ, ಬಾಕ್ಸಿನ ದಿಕ್ಕು ಇವೆಲ್ಲ ಸೇರಿ ಸಂಖ್ಯೆ ಅಷ್ಟಿಷ್ಟು ಬದಲಾಗಬಹುದು, ಪ್ರಮಾಣ ಮಾತ್ರ ಬದಲಾಗುವುದಿಲ್ಲ. ಕೇಳಲು ಬಂದವರಿಗೆ ಚೆನ್ನಾಗಿ ಕೇಳಿಸಲು ನೂರಾರು ವ್ಯಾಟ್ ಸಾಕು. ಸಾವಿರಾರು ವ್ಯಾಟ್ ಖರ್ಚಾಗುವುದು ಕೇಳಲು ಬಾರದವರ ಮೇಲೆ.

ಪೂಜೆಗೆ ಸದ್ದೇ ಬೇಡ ಎಂಬ ವಾದ ಈ ನಾಡಿಗೆ ಒಗ್ಗುವುದಿಲ್ಲ. ಮಂಗಳಾರತಿಯ ಹೊತ್ತಿಗೆ ಜಾಗಟೆ, ಶಂಖ, ನಗಾರಿ ಮೊಳಗುತ್ತವೆ. ಬೀರೇಶ್ವರನ ಆರಾಧನೆಯಲ್ಲಿ ಹಾಲುಮತದವರ ಡೊಳ್ಳು ಎದೆಗೇ ಬಡಿಯುತ್ತದೆ. ಗ್ಯಾಸ್ ಲೈಟಿನ ಬೆಳಕಿನಲ್ಲಿ ಮೈಕಿಲ್ಲದೆ ನಡೆಯುತ್ತಿದ್ದ ಬಯಲಾಟದ ಚೆಂಡೆ ಊರಾಚೆಗೂ ಕೇಳುತ್ತಿತ್ತು. ಸದ್ದಿನೊಳಗೆ ಮೈಮರೆತು ಕುಣಿಯುವುದು ಭಕ್ತಿಯ ನಿಜವಾದ ಒಂದು ಬಗೆ. ಅದನ್ನು ಅನಾಗರಿಕವೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಡೊಳ್ಳಿಗೂ ಡಿಜೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಡೊಳ್ಳಿನ ಸದ್ದು ತೋಳಿನ ಶಕ್ತಿಯಿಂದ ಹುಟ್ಟುತ್ತದೆ, ತೋಳು ದಣಿಯುತ್ತದೆ. ಬಾರಿಸುವವನು ಉಸಿರು ತೆಗೆದುಕೊಳ್ಳಲು ನಿಲ್ಲುತ್ತಾನೆ, ಮಗು ಅತ್ತರೆ ಅವನಿಗೆ ಕೇಳಿಸುತ್ತದೆ, ಮುದುಕರೊಬ್ಬರು ಕೈ ಎತ್ತಿದರೆ ಕಾಣಿಸುತ್ತದೆ. ಮಿತಿ ಎಂಬುದು ಅಲ್ಲಿ ಆರಾಧಕನ ದೇಹದಲ್ಲೇ ಇತ್ತು. ಅದನ್ನು ಯಾರೂ ಬರೆದಿಡಬೇಕಾಗಿರಲಿಲ್ಲ. ಜನರೇಟರಿಗೆ ದಣಿವಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ಇರುವವರೆಗೆ ಅದು ಒಂದೇ ಸಮನೆ ಓಡುತ್ತದೆ. ದೇಹ ತಾನಾಗಿ ಮಾಡುತ್ತಿದ್ದ ತೀರ್ಮಾನವನ್ನು ಈಗ ಮನುಷ್ಯ ಮುಂಚೆಯೇ, ತಿಳಿದೇ ಮಾಡಬೇಕಾಗಿದೆ. ಆ ತೀರ್ಮಾನ ಆಗುವುದು ಮೆರವಣಿಗೆಯ ಗದ್ದಲದಲ್ಲಲ್ಲ, ಯಂತ್ರಕ್ಕೆ ಮುಂಗಡ ಕೊಡುವ ದಿನ. ಇದೇ ಕಾರಣಕ್ಕೆ ಅಳತೆಯ ಆಯ್ಕೆಯನ್ನು ನೈತಿಕ ಕ್ರಿಯೆಯೆಂದು ಪರಿಗಣಿಸಬೇಕಾಗುತ್ತದೆ.

ಶಾಸ್ತ್ರಗಳು ಸದ್ದಿನ ಪ್ರಮಾಣಕ್ಕೂ ಪುಣ್ಯದ ಪ್ರಮಾಣಕ್ಕೂ ನಂಟು ಕಲ್ಪಿಸುವುದಿಲ್ಲ. ಕಲ್ಪಿಸಿದಲ್ಲೂ ಅದು ವಿಲೋಮವಾಗಿದೆ. ಮನುಸ್ಮೃತಿಯ ಎರಡನೆಯ ಅಧ್ಯಾಯದ ಪ್ರಕಾರ ವಿಧಿಯಜ್ಞಕ್ಕಿಂತ ಜಪ ಹತ್ತು ಪಾಲು ಮೇಲು, ಪಕ್ಕದವರಿಗೂ ಕೇಳದ ಉಪಾಂಶು ಜಪ ನೂರು ಪಾಲು, ಮನಸ್ಸಿನಲ್ಲೇ ನಡೆಯುವ ಜಪ ಸಾವಿರ ಪಾಲು. ಹನ್ನೆರಡೇ ಮಂತ್ರಗಳ ಮಾಂಡೂಕ್ಯ ಉಪನಿಷತ್ತು ಓಂಕಾರದ ಮೂರು ಮಾತ್ರೆಗಳನ್ನು ವಿವರಿಸಿ, ಮಾತ್ರೆಯಿಲ್ಲದ ನಾಲ್ಕನೆಯದನ್ನು ಪರಮವೆಂದು ಹೇಳುತ್ತದೆ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಫಲದಾಸೆಯಿಂದಲೂ ಡಂಭಕ್ಕಾಗಿಯೂ ಮಾಡಿದ ಯಜ್ಞ ರಾಜಸದ ಸಾಲಿಗೆ ಸೇರುತ್ತದೆ. ಮಂಡಳಿಗಳ ಪೈಪೋಟಿಯನ್ನು ಅಳೆಯಲು ಇದಕ್ಕಿಂತ ಸ್ಪಷ್ಟವಾದ ಒರೆಗಲ್ಲು ಬೇಕಿಲ್ಲ. 1893ರಲ್ಲಿ ಪುಣೆಯಲ್ಲಿ ಲೋಕಮಾನ್ಯ ತಿಲಕರು ಗಣೇಶೋತ್ಸವಕ್ಕೆ ಸಾರ್ವಜನಿಕ ರೂಪ ಕೊಟ್ಟಾಗ ಉದ್ದೇಶ ಜನರನ್ನು ಒಂದೆಡೆ ಸೇರಿಸುವುದಾಗಿತ್ತು. ಪಕ್ಕದವನ ಮಾತೂ ಕೇಳಿಸದ ಸದ್ದಿನಲ್ಲಿ ಜನ ಗುಂಪಾಗಬಹುದು, ಒಡನಾಡಲಾರರು.

ಕೇಳಲು ಒಲ್ಲದವರ ಹಕ್ಕು ಇದರ ಇನ್ನೊಂದು ಮುಖ. ಕಣ್ಣು ಮುಚ್ಚಬಹುದು, ಕಿವಿ ಮುಚ್ಚಲಾಗದು. ಬೇಸಿನ ತಗ್ಗು ಸ್ವರವಂತೂ ಗೋಡೆಯನ್ನೂ ದಾಟಿ ಒಳಬರುತ್ತದೆ. ಹಾಲುಗೂಸು, ಹೃದ್ರೋಗಿ, ಮರುದಿನ ಪರೀಕ್ಷೆ ಬರೆಯುವ ಹುಡುಗಿ ಒಪ್ಪಿಗೆ ಕೊಡದೆಯೇ ಈ ಸದ್ದಿಗೆ ಒಳಗಾಗುತ್ತಾರೆ. ಪತಂಜಲಿ ಯಮಗಳಲ್ಲಿ ಮೊದಲನೆಯದಾಗಿ ಇಟ್ಟಿದ್ದು ಅಹಿಂಸೆಯನ್ನು, ಮತ್ತು ಅದಕ್ಕೆ ಹಬ್ಬದ ದಿನದ ವಿನಾಯಿತಿ ಇಲ್ಲ. ಸಂವಿಧಾನದ 25ನೆಯ ವಿಧಿ ಧಾರ್ಮಿಕ ಸ್ವಾತಂತ್ರ್ಯ ಕೊಡುವಾಗಲೇ ಅದನ್ನು ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಗಳಿಗೆ ಅಧೀನವಾಗಿಸಿದೆ. 2000ದಲ್ಲಿ ಚೆನ್ನೈನ ಒಂದು ಚರ್ಚಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲವೆಂದು ಸ್ಪಷ್ಟಪಡಿಸಿತು. ಆ ಮಾತು ಗುಡಿಗೂ ಮಸೀದಿಗೂ ಬಸದಿಗೂ ಸಮಾನವಾಗಿ ಅನ್ವಯಿಸುತ್ತದೆ. ಅದೇ ವರ್ಷ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸರಕಾರ ಸಡಿಲಿಕೆ ಕೊಡಬಹುದು.

ಇವೆಲ್ಲವನ್ನೂ ಒಟ್ಟಿಗೆ ಹಿಡಿದರೆ ಆಯ್ಕೆಯ ಕ್ರಮವೇ ತಲೆಕೆಳಗಾಗುತ್ತದೆ. ಯಂತ್ರದಿಂದ ಹೊರಟು ಬಾಕ್ಸಿಗೆ, ಬಾಕ್ಸಿನಿಂದ ಬೀದಿಗೆ ಬರುವುದರ ಬದಲು ಬೀದಿಯಿಂದ ಹೊರಡಬೇಕು: ದಾರಿಯಲ್ಲಿ ಆಸ್ಪತ್ರೆ, ಶಾಲೆ, ನ್ಯಾಯಾಲಯ ಎಲ್ಲಿವೆ, ಅವುಗಳ ಸುತ್ತಲಿನ 100 ಮೀಟರಿನಲ್ಲಿ ಸದ್ದು ನಿಲ್ಲಿಸುವುದು ಹೇಗೆ, ಕೇಳಲು ಬರುವವರು ಎಷ್ಟು ಜನ, ಎಷ್ಟು ದೂರದಲ್ಲಿ ನಿಲ್ಲುತ್ತಾರೆ. ಆ ದೂರಕ್ಕೆ ತಕ್ಕ ಬಾಕ್ಸು, ಬಾಕ್ಸಿಗೆ ತಕ್ಕ ಆಂಪ್ಲಿಫೈಯರ್, ಎಲ್ಲ ಮುಗಿದ ಮೇಲೆ ಜನರೇಟರ್. ಈ ಕ್ರಮದಲ್ಲಿ ಬಂದರೆ ಮೊದಲಿನ ಉದಾಹರಣೆಯ ಸೆಟ್ಟಿಗೆ 1000 ವ್ಯಾಟಿನ ಆಂಪ್ಲಿಫೈಯರೇ ಧಾರಾಳ. ದೀಪಗಳನ್ನು ಅರ್ಧಕ್ಕಿಳಿಸಿ ಹೊಗೆ ಯಂತ್ರವನ್ನು ಬಿಟ್ಟರೆ ಒಟ್ಟು ಲೋಡು 2 ಕಿಲೋವ್ಯಾಟಿನೊಳಗೆ ನಿಲ್ಲುತ್ತದೆ. ಅದಕ್ಕೆ 3ರಿಂದ 5 ಕೆವಿಎ ಯಂತ್ರ ಸಾಕು. ಮುಂದೆ ಡೊಳ್ಳು, ನಾದಸ್ವರ ಇಟ್ಟುಕೊಂಡು ಮೈಕನ್ನು ಪ್ರಕಟಣೆಗೂ ಭಜನೆಗೂ ಮಾತ್ರ ಬಳಸುವ ಊರುಗಳಿಗೆ ಇನ್ನೂ ಚಿಕ್ಕದು ಸಾಕಾಗುತ್ತದೆ. ಯಾವುದನ್ನೇ ತಂದರೂ ಅದು ಮುಚ್ಚಿದ ಪೆಟ್ಟಿಗೆಯ ಸೈಲೆಂಟ್ ಮಾದರಿಯಾಗಿರಬೇಕು. ಡೀಸೆಲ್ ಜನರೇಟರಿನ ಸ್ವಂತ ಸದ್ದಿಗೂ ಒಂದು ಮೀಟರಿನಲ್ಲಿ 75 ಡೆಸಿಬೆಲ್ ಎಂಬ ಮಿತಿ ಇದೆ.